ಗೆಲವೂ ಋಣವೂ

ಹಲವರು ಕೂಡಿ ಕಟ್ಟಿದ ಸಂಸ್ಥೆಯೊಂದು ಯಾವುದರಿಂದ ಬಾಳುತ್ತದೆ? ಅದು ಗಳಿಸಿದ ಜಯಗಳಿಂದಲೋ, ಅದನ್ನು ತಮ್ಮದೆಂದು ನಂಬಿದ ಜನರ ಅಭಿಮಾನದಿಂದಲೋ? ಜಯವಿದ್ದೆಡೆಗೆ ಅಭಿಮಾನವು ತಾನಾಗಿಯೇ ಬರುವುದೆಂಬುದು ಸಾಮಾನ್ಯವಾದ ಭಾವನೆ. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ದಕ್ಷಿಣ ಕೊರಿಯಾ ದೇಶದ ಒಂದು ಬೇಸ್‌ಬಾಲ್ ತಂಡದ ಚರಿತ್ರೆಯಿಂದ ಪರೀಕ್ಷಿಸಬಹುದು. ಆಟದ ಮಾತು ಕ್ಷುಲ್ಲಕವೆಂದು ವಾಚಕರು ಎಣಿಸಬಾರದು. ಸೋಲು ಗೆಲವುಗಳನ್ನು ಎಣಿಸಿಯೇ ತೀರುವ ಕ್ಷೇತ್ರದಲ್ಲಿ, ಎಣಿಕೆಗೆ ಸಿಕ್ಕದುದು ಯಾವುದೆಂಬುದು ಬೇಗನೆ ಗೋಚರಿಸುತ್ತದೆ.

ಆ ದೇಶದಲ್ಲಿ ವೃತ್ತಿಪರ ಬೇಸ್‌ಬಾಲ್ 1982ರಲ್ಲಿ ಆರು ತಂಡಗಳಿಂದ ಆರಂಭವಾಯಿತು. ರಾಜಧಾನಿಯಾದ ಸಿಯೋಲ್ ನಗರದ ಪಶ್ಚಿಮಕ್ಕಿರುವ ಇಂಚೆಯೋನ್ ಬಂದರಿನ ಪಾಲಿಗೆ ಬಂದದ್ದು ಉಕ್ಕಿನ ಉದ್ಯಮದವರ ‘ಸಮ್ಮಿ ಸೂಪರ್‌ಸ್ಟಾರ್ಸ್’ ತಂಡ. ಮೊದಲ ವರ್ಷ ಅದು ಆಡಿದ 80 ಪಂದ್ಯಗಳಲ್ಲಿ ಗೆದ್ದದ್ದು 15, ಸೋತದ್ದು 65. ಮರುವರ್ಷ ಜಪಾನಿನಲ್ಲಿ ಆಡಿ ಬಂದಿದ್ದ ಜಾಂಗ್ ಮ್ಯೊಂಗ್‌ಬು ಎಂಬ ಎಸೆಗಾರನು ಬಂದನು. ಆ ವರ್ಷದ 52 ಗೆಲವುಗಳಲ್ಲಿ 30 ಆತನೊಬ್ಬನ ಹೆಸರಿನಲ್ಲಿವೆ. ಆದರೆ ಒಬ್ಬನ ತೋಳು ಎಷ್ಟು ಕಾಲ ತಡೆದೀತು? 1985ರಲ್ಲಿ ತಂಡವು ಒಂದೇ ಸಮನೆ 18 ಪಂದ್ಯಗಳನ್ನು ಸೋತಿತು. ಋತುವಿನ ನಡುವೆಯೇ ಮಾರಾಟವೂ ಆಯಿತು. ‘ಚೊಂಗ್ಬೊ ಪಿಂಟೋಸ್’ ಎಂದೂ, 1988ರಿಂದ ‘ಪೆಸಿಫಿಕ್ ಡಾಲ್ಫಿನ್ಸ್’ ಎಂದೂ ಹೆಸರು ಬದಲಾಯಿತು. ಊರು ಮಾತ್ರ ಬದಲಾಗಲಿಲ್ಲ.

1996ರಲ್ಲಿ ಅದೇ ತಂಡವು ಹ್ಯುಂಡೈ ಸಮೂಹದ ಕೈಸೇರಿ ‘ಹ್ಯುಂಡೈ ಯುನಿಕಾರ್ನ್ಸ್’ ಆಗಿ ಕಣಕ್ಕಿಳಿಯಿತು. ಧನಬಲವಿತ್ತು, ಕಿಮ್ ಜೇಬಕ್ ಎಂಬ ಸಮರ್ಥ ಶಿಕ್ಷಕನಿದ್ದನು. 1998ರಲ್ಲಿ ತಂಡವು ದೇಶದ ಪ್ರಶಸ್ತಿಯನ್ನು ಗೆದ್ದಿತು. ಹದಿನೇಳನೆಯ ಋತುವಿನಲ್ಲಿ ಇಂಚೆಯೋನ್ ನಗರಕ್ಕೆ ದೊರೆತ ಮೊದಲನೆಯ ಪ್ರಶಸ್ತಿ ಅದು. ಅರುವತ್ತೈದು ಸೋಲುಗಳನ್ನು ಕಣ್ಣಾರೆ ಕಂಡವರಿಗೆ ಆ ದಿನ ಏನೆನಿಸಿರಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಎರಡೇ ವರ್ಷಗಳಲ್ಲಿ, 2000ದಲ್ಲಿ, ತಂಡವು ಆ ಊರನ್ನು ಬಿಟ್ಟಿತು. ಸಿಯೋಲ್ ಅದರ ಗುರಿ. ಅಲ್ಲಿಯವರೆಗೆ ಸುವಾನ್ ಎಂಬ ಪಟ್ಟಣದಲ್ಲಿ ತಾತ್ಕಾಲಿಕ ವಾಸವೆಂದು ಗೊತ್ತಾಯಿತು. ಇಂಚೆಯೋನ್ ಹೊಸದಾಗಿ ಹುಟ್ಟಿದ ಎಸ್‌ಕೆ ವೈವರ್ನ್ಸ್ ತಂಡದ ಪಾಲಾಯಿತು.

ಇದರಲ್ಲಿ ತಪ್ಪೇನು ಎಂದು ಕೇಳುವವರಿರಬಹುದು. ಹಣ ಹಾಕಿದವರು ಒಡೆಯರು, ದುಡಿದವರು ಆಟಗಾರರು. ಪ್ರೇಕ್ಷಕನು ಚೀಟಿಯ ಬೆಲೆ ಕೊಟ್ಟು ಆಟ ನೋಡಿದನು; ಅಲ್ಲಿಗೆ ಲೆಕ್ಕ ತೀರಿತು. ಹೆಚ್ಚಿನ ಜನ, ಹೆಚ್ಚಿನ ಆದಾಯವಿರುವ ಕಡೆಗೆ ಹೋಗುವುದು ವ್ಯವಹಾರಧರ್ಮವೇ. ಈ ವಾದವನ್ನು ಹಗುರವೆಂದು ತಳ್ಳಲಾಗದು. ಕಾಗದದಲ್ಲಿ ಬರೆದ ಯಾವ ಕರಾರೂ ಇಲ್ಲಿ ಮುರಿದಿಲ್ಲ.

ಆದರೆ ನಮ್ಮ ಭಾಷೆಯಲ್ಲಿ ಸಾಲವೆಂಬುದು ಬೇರೆ, ಋಣವೆಂಬುದು ಬೇರೆ. ಸಾಲಕ್ಕೆ ಪತ್ರವುಂಟು, ಅವಧಿಯುಂಟು, ಕೊಟ್ಟರೆ ತೀರಿತು. ಋಣಕ್ಕೆ ಪತ್ರವಿಲ್ಲ. ಸೋಲುವ ತಂಡದ ಆಟವನ್ನು ನೋಡಲು ಹದಿನೆಂಟು ವರ್ಷ ಬಂದು ಕುಳಿತವನು ಕೊಂಡದ್ದಕ್ಕಿಂತ ಕೊಟ್ಟದ್ದೇ ಹೆಚ್ಚು. ಆ ಹೆಚ್ಚಿನದು ಯಾರ ಲೆಕ್ಕದ ಪುಸ್ತಕದಲ್ಲಿಯೂ ಇಲ್ಲದ ಕಾರಣ ಅದು ಇಲ್ಲವೇ ಇಲ್ಲವೆನ್ನುವುದು ನ್ಯಾಯವಾಗಲಾರದು.

ಮುಂದಿನ ಕಥೆಯು ವಿಚಿತ್ರವಾದುದು. ಊರು ಬಿಟ್ಟ ವರ್ಷವೇ ತಂಡವು 91 ಪಂದ್ಯಗಳನ್ನು ಗೆದ್ದಿತು, ಅದರ ಮೂವರು ಎಸೆಗಾರರು ತಲಾ 18 ಗೆಲವು ಪಡೆದರು, ಪ್ರಶಸ್ತಿಯೂ ಬಂದಿತು. 2003ರಲ್ಲಿ ಅಂತಿಮ ಸರಣಿಯಲ್ಲಿ ಎದುರಾದದ್ದು ಇಂಚೆಯೋನಿನ ಹೊಸ ತಂಡವೇ, ಅದನ್ನೂ ಸೋಲಿಸಿತು. 2004ರಲ್ಲಿ ಒಂಬತ್ತು ಪಂದ್ಯಗಳವರೆಗೆ ಬೆಳೆದ ಸರಣಿಯನ್ನು ಗೆದ್ದು ನಾಲ್ಕನೆಯ ಪ್ರಶಸ್ತಿಯನ್ನು ಪಡೆಯಿತು. ಆದರೆ ಸುವಾನಿನ ಆಸನಗಳು ತುಂಬಲಿಲ್ಲ. ತಾವು ತಂಗುವವರೇ ಹೊರತು ನೆಲಸುವವರಲ್ಲವೆಂದು ಮೊದಲೇ ಸಾರಿದವರನ್ನು ಆ ಪಟ್ಟಣವು ಹೇಗೆ ತನ್ನವರೆಂದೀತು? ಇತ್ತ ಪೋಷಕ ಸಮೂಹವು ಸಾಲದಲ್ಲಿ ಮುಳುಗಿ, ಸಿಯೋಲಿಗೆ ಹೋಗುವ ಯೋಜನೆ ಕೈಗೂಡಲಿಲ್ಲ. 2007ರ ಋತುವನ್ನು ಕಳೆದು, 2008ರಲ್ಲಿ ತಂಡವು ವಿಸರ್ಜಿತವಾಯಿತು. ಅದರ ಆಟಗಾರರಲ್ಲಿ ಬಹುಮಂದಿಯನ್ನು ಸೇರಿಸಿಕೊಂಡು ‘ಹೀರೋಸ್’ ಎಂಬ ಬೇರೊಂದು ತಂಡವು ಸಿಯೋಲಿನಲ್ಲಿ ಹುಟ್ಟಿತು. ಬಯಸಿದ ನಗರವನ್ನು ಯುನಿಕಾರ್ನ್ಸ್ ಸೇರಿದ್ದು ಹೆಸರನ್ನು ಕಳೆದುಕೊಂಡ ಮೇಲೆ.

ಊರನ್ನು ಬಿಟ್ಟದ್ದರಿಂದಲೇ ತಂಡವು ಅಳಿಯಿತೆಂದು ನಾನು ಹೇಳುವುದಿಲ್ಲ. ಅಳಿವಿಗೆ ಕಾರಣ ಸಾಲ. ಇಂಚೆಯೋನಿನಲ್ಲಿಯೇ ಉಳಿದಿದ್ದರೂ ಒಡೆಯರ ಬೊಕ್ಕಸ ಬರಿದಾಗದೆ ಇರುತ್ತಿರಲಿಲ್ಲ. ಆದರೆ ಬೀಳುವ ಗಳಿಗೆಯಲ್ಲಿ ‘ಇದು ನಮ್ಮದು’ ಎಂದು ಕೈಹಿಡಿಯಲು ಒಂದು ಊರು ಇರಲಿಲ್ಲ. ಚೆನ್ನಾಗಿ ಆಡಿದ ಆಟಗಾರರೂ, ಸುವಾನಿನಲ್ಲಿ ಅದನ್ನು ಪ್ರೀತಿಸಿದ ಕೆಲವರೂ ತಾವು ಮಾಡದ ತಪ್ಪಿಗೆ ದುಃಖಪಟ್ಟರು.

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಯುನಿಕಾರ್ನ್ಸ್ ಮೂರನೆಯ ಪ್ರಶಸ್ತಿ ಗೆದ್ದ 2003ರಲ್ಲಿಯೇ ಪಾರ್ಕ್ ಮಿನ್‌ಗ್ಯು ಎಂಬ ಲೇಖಕನ ಕಾದಂಬರಿಯೊಂದು ಪ್ರಕಟವಾಗಿ ಪ್ರಸಿದ್ಧವಾಯಿತು. ಅದರ ವಸ್ತು ಆ ವಿಜಯಿಗಳಲ್ಲ. ಸಮ್ಮಿ ಸೂಪರ್‌ಸ್ಟಾರ್ಸ್ ತಂಡದ ಅಭಿಮಾನಿಗಳು. ಮರುವರ್ಷ ಬಂದ ಒಂದು ಚಲನಚಿತ್ರದ ನಾಯಕ ಗಮ್ ಸಾಯೊಂಗ್. ಅದೇ ತಂಡದಲ್ಲಿ ಒಂದೇ ಒಂದು ಗೆಲವು ಕಂಡ ಎಸೆಗಾರ. ಸೋಲು ಪುಣ್ಯವೆಂದಾಗಲಿ, ಗೆಲವು ಪಾಪವೆಂದಾಗಲಿ ಇದರ ಅರ್ಥವಲ್ಲ. ಗೆಲವು ಪಟ್ಟಿಯಲ್ಲಿ ಉಳಿಯುತ್ತದೆ. ಜನರ ನೆನಪಿನಲ್ಲಿ ಉಳಿಯಬೇಕಾದರೆ ಅವರ ನಡುವೆ ಇರಬೇಕಾಗುತ್ತದೆ. ಸಂಸ್ಥೆಗಳನ್ನು ನಡೆಯಿಸುವವರು ವರ್ಷಕ್ಕೊಮ್ಮೆ ಆಯವ್ಯಯವನ್ನು ಪರಿಶೋಧಿಸುವಾಗ, ಅದರಲ್ಲಿ ನಮೂದಾಗದ ಈ ಋಣವನ್ನೂ ಒಮ್ಮೆ ಸ್ಮರಿಸುವುದು ಉಚಿತ.