ವಿದ್ಯೆ ಮತ್ತು ದುಡಿಮೆ: ಡಿಪ್ಲೋಮಾ ಮುಗಿಸಿದವರ ಮುಂದಿನ ಪ್ರಶ್ನೆ

ಪಾಲಿಟೆಕ್ನಿಕ್‌ನ ಕೊನೆಯ ಪರೀಕ್ಷೆಯ ಫಲಿತಾಂಶ ಬಂದೊಡನೆ ನಮ್ಮ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ. ಮಗ ಅಥವಾ ಮಗಳು ಈಗ ಕೆಲಸಕ್ಕೆ ಸೇರಬೇಕೇ, ಮುಂದೆ ಓದಬೇಕೇ? ಹತ್ತನೆಯ ತರಗತಿಯ ನಂತರ ಮೂರು ವರ್ಷ ಡಿಪ್ಲೋಮಾ ಓದಿದವರಿಗೆ ಆಗ ಹದಿನೆಂಟು ಹತ್ತೊಂಬತ್ತರ ಪ್ರಾಯ. ದುಡಿಯಲು ಕೈ ಸಿದ್ಧವಾಗಿರುತ್ತದೆ, ಕಲಿಯಲು ಬುದ್ಧಿಯೂ ಚುರುಕಾಗಿರುತ್ತದೆ. ಮೇಲ್ನೋಟಕ್ಕೆ ಇದು ಸಂಬಳ ಮತ್ತು ಶುಲ್ಕಗಳ ಲೆಕ್ಕಾಚಾರವೆಂದು ತೋರಬಹುದು. ಆದರೆ ವಿದ್ಯೆ ಯಾವುದಕ್ಕಾಗಿ, ಮನೆಯ ಭಾರವನ್ನು ಯಾರು ಎಷ್ಟು ಹೊರಬೇಕು, ನಿರ್ಣಯಿಸುವ ಅಧಿಕಾರ ಯಾರದು ಎಂಬ ಧರ್ಮಸೂಕ್ಷ್ಮಗಳು ಇದರೊಳಗೆ ಅಡಗಿವೆ. ಆದುದರಿಂದ ಇದನ್ನು ಎರಡೂ ಪಕ್ಷಗಳಿಂದ ನೋಡುವುದು ಯುಕ್ತ.

ಮೊದಲನೆಯ ಪಕ್ಷ ಹೀಗೆ ಹೇಳುತ್ತದೆ. ತಂದೆಗೆ ನಿವೃತ್ತಿ ಸಮೀಪಿಸಿದೆ. ಮಹಾನಗರದಲ್ಲಿ ಬಾಡಿಗೆಯಾಗಲಿ ಮನೆಸಾಲದ ಕಂತಾಗಲಿ ಒಂದು ತಿಂಗಳೂ ಕಾಯುವುದಿಲ್ಲ. ಡಿಪ್ಲೋಮಾ ಎಂಬುದೇ ವೃತ್ತಿಗಾಗಿ ರೂಪಿಸಿದ ಶಿಕ್ಷಣ. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕಾರ್ಖಾನೆಯಲ್ಲಿ ಭತ್ಯೆ ಪಡೆಯುತ್ತಲೇ ಒಂದು ವರ್ಷ ತರಬೇತಿ ಹೊಂದಬಹುದು. ರೈಲ್ವೆಯ ಜೂನಿಯರ್ ಇಂಜಿನಿಯರ್ ಹುದ್ದೆಗಳಿಗೂ ಕೇಂದ್ರ ಲೋಕೋಪಯೋಗಿ ಇಲಾಖೆಯ ಅಂತಹ ಹುದ್ದೆಗಳಿಗೂ ಡಿಪ್ಲೋಮಾದವರು ಸ್ಪರ್ಧಿಸಬಹುದು. ಹೀಗಿರುವಾಗ ಹೆತ್ತವರ ಬೆವರಿನ ಮೇಲೆ ಇನ್ನೂ ಮೂರು ವರ್ಷ ಕೂರುವುದು ನ್ಯಾಯವೇ?

ಎರಡನೆಯ ಪಕ್ಷದ ಮಾತೂ ಹಗುರವಲ್ಲ. ಡಿಪ್ಲೋಮಾದವರಿಗೆ ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೇ ನೇರ ಪ್ರವೇಶವುಂಟು. ಕರ್ನಾಟಕದಲ್ಲಿ ಇದಕ್ಕಾಗಿ ಡಿ.ಸಿ.ಇ.ಟಿ. ಪರೀಕ್ಷೆಯಿದೆ, ಮಹಾರಾಷ್ಟ್ರದಲ್ಲಿ ಡಿಪ್ಲೋಮಾದ ಅಂಕಗಳ ಆಧಾರದ ಮೇಲೆ ಸೀಟು ದೊರೆಯುತ್ತದೆ. ಹಾಗೆ ಸೇರಿದವರು ಮೊದಲ ವರ್ಷದ ಗಣಿತದ ಕೊರತೆಯನ್ನು ತಾವೇ ತುಂಬಿಕೊಳ್ಳಬೇಕಾಗುತ್ತದೆ. ಕಲಿತದ್ದು ಹಸಿಯಾಗಿರುವಾಗ ಅದು ಸುಲಭ, ನಾಲ್ಕು ವರ್ಷ ಕಳೆದ ಮೇಲೆ ಕಷ್ಟ. ಅನೇಕ ಸಂಸ್ಥೆಗಳಲ್ಲಿ ಪದವಿಯಿಲ್ಲದವರ ಬಡ್ತಿ ಒಂದು ಮೆಟ್ಟಿಲಿಗೆ ಬಂದು ನಿಲ್ಲುತ್ತದೆ. ಇದಲ್ಲದೆ, ಒಮ್ಮೆ ಸಂಬಳದ ರುಚಿ ಹತ್ತಿದ ಮೇಲೆ ಪುನಃ ಬೆಂಚಿನ ಮೇಲೆ ಕೂರುವ ಮನಸ್ಸು ಎಷ್ಟು ಜನರಿಗೆ ಉಳಿದೀತು?

ಎರಡು ಪಕ್ಷಗಳೂ ಒಂದು ಮಾತನ್ನು ವಿಚಾರಿಸದೆಯೇ ಒಪ್ಪಿಕೊಂಡಿವೆ: ದುಡಿಮೆ ಆರಂಭವಾದಲ್ಲಿ ವಿದ್ಯೆ ಮುಗಿಯುತ್ತದೆ ಎಂಬುದೇ ಆ ಮಾತು. ಶ್ರೀಮದಾಚಾರ್ಯರು ಭಾಷ್ಯ ರಚಿಸಿದ ದಶೋಪನಿಷತ್ತುಗಳಲ್ಲಿ ಒಂದಾದ ತೈತ್ತಿರೀಯವು ಇದನ್ನು ಒಪ್ಪುವುದಿಲ್ಲ. ಅದರ ಶಿಕ್ಷಾವಲ್ಲಿಯು ಸತ್ಯ, ತಪಸ್ಸು, ಇಂದ್ರಿಯನಿಗ್ರಹ, ಅಗ್ನಿಹೋತ್ರ, ಅತಿಥಿಸತ್ಕಾರ, ಸಂತಾನ ಮುಂತಾದ ಕರ್ತವ್ಯಗಳನ್ನು ಒಂದೊಂದಾಗಿ ಹೇಳಿ, ಪ್ರತಿಯೊಂದರ ಜೊತೆಗೂ ಸ್ವಾಧ್ಯಾಯ-ಪ್ರವಚನಗಳನ್ನು ಸೇರಿಸುತ್ತದೆ. ನಾಕ ಮೌದ್ಗಲ್ಯನೆಂಬ ಋಷಿಯಂತೂ ಸ್ವಾಧ್ಯಾಯ-ಪ್ರವಚನಗಳೇ ತಪಸ್ಸೆಂದು ಅಭಿಪ್ರಾಯಪಟ್ಟನು. ಗುರುಕುಲದಿಂದ ಹೊರಡುವ ಶಿಷ್ಯನಿಗೆ ಆಚಾರ್ಯನು ಮಾಡುವ ಉಪದೇಶದಲ್ಲಿಯೂ, ಅಧ್ಯಯನವನ್ನು ಅಲಕ್ಷಿಸಬೇಡ ಎಂಬ ಮಾತಿನ ಜೊತೆಯಲ್ಲಿಯೇ ಕ್ಷೇಮವನ್ನೂ ಐಶ್ವರ್ಯವನ್ನೂ ಅಲಕ್ಷಿಸಬೇಡ ಎಂಬ ಮಾತಿದೆ. ಅಲ್ಲಿ ಉದ್ದೇಶಿಸಿದ್ದು ವೇದವಿದ್ಯೆ ಎಂಬುದು ನಿಜ. ಆದರೂ ಗೃಹಸ್ಥನ ಹೊಣೆ ಮತ್ತು ಕಲಿಕೆ ಒಂದನ್ನೊಂದು ಹೊರದೂಡುವುದಿಲ್ಲವೆಂಬ ನ್ಯಾಯ ನಮ್ಮ ವಿಷಯಕ್ಕೂ ಸಲ್ಲುತ್ತದೆ. ಹಾಗಾದರೆ ಕಲಿಯಬೇಕೇ ಬೇಡವೇ ಎಂಬುದು ಪ್ರಶ್ನೆಯೇ ಅಲ್ಲ. ಈ ವರ್ಷ ಕಾಲೇಜಿನಲ್ಲಿ ಕಲಿಯಬೇಕೇ, ಕೆಲಸದ ನಡುವೆ ಕಲಿಯಬೇಕೇ ಎಂಬುದಷ್ಟೇ ಪ್ರಶ್ನೆ.

ಆದರೆ ಈ ಸಮಾಧಾನ ದುರುಪಯೋಗವಾಗಲೂಬಹುದು. "ಈಗ ದುಡಿ, ಓದನ್ನು ಆಮೇಲೆ ನೋಡೋಣ" ಎಂದು ಹೇಳುವುದು ಸುಲಭ. ಆ 'ಆಮೇಲೆ' ಬಾರದೇ ಹೋಗುವುದೂ ಅಷ್ಟೇ ಸುಲಭ. ಆದುದರಿಂದ ಮೂರು ಪರೀಕ್ಷೆಗಳು ಅವಶ್ಯ.

ಮೊದಲನೆಯದು ಅಗತ್ಯದ ಪರೀಕ್ಷೆ. ಮಗನ ಸಂಬಳವಿಲ್ಲದೆ ಅಡುಗೆಮನೆಯೋ ಔಷಧಿಯೋ ನಡೆಯದು ಎಂದಾದರೆ ಅವನು ದುಡಿಯಲು ಹೊರಡುವುದೇ ಧರ್ಮ; ಅದರಲ್ಲಿ ಕೀಳರಿಮೆಗೆ ಅವಕಾಶವಿಲ್ಲ. ಆದರೆ ಆ ಸಂಬಳ ಬೇಕಾಗಿರುವುದು ಇನ್ನೊಂದು ಕೋಣೆಯ ಫ್ಲ್ಯಾಟಿಗೋ, ನಾಲ್ಕು ಜನ ಮೆಚ್ಚುವಂತಹ ಮದುವೆಯ ವೈಭವಕ್ಕೋ ಎಂದಾದರೆ ಅದನ್ನು ಅಗತ್ಯವೆಂದು ಕರೆಯಲಾಗದು. ಕಠೋಪನಿಷತ್ತು ಶ್ರೇಯಸ್ಸನ್ನೂ ಪ್ರೇಯಸ್ಸನ್ನೂ ಬೇರ್ಪಡಿಸಿ ನೋಡಲು ಕಲಿಸುತ್ತದೆ. ಆ ವಿವೇಕವನ್ನು ನಾವು ಮಕ್ಕಳಿಂದ ನಿರೀಕ್ಷಿಸುತ್ತೇವೆ. ಹಿರಿಯರ ಆಸೆಗಳಿಗೂ ಅದು ಅನ್ವಯಿಸಬೇಡವೇ? ಪಿತೃಋಣವೆಂಬುದು ಹತ್ತೊಂಬತ್ತನೆಯ ವಯಸ್ಸಿನಿಂದ ತಿಂಗಳು ತಿಂಗಳು ವಸೂಲಾಗುವ ಕಂತಲ್ಲ.

ಎರಡನೆಯದು ಸ್ವಭಾವದ ಪರೀಕ್ಷೆ. ಜೀವರ ಯೋಗ್ಯತೆ ಒಂದೇ ಅಲ್ಲ ಎಂಬುದು ನಮ್ಮ ಸಿದ್ಧಾಂತ. ಯಂತ್ರದ ಮುಂದೆ ನಿಂತಾಗ ಅರಳುವ ಹುಡುಗನನ್ನು, ಪಕ್ಕದ ಮನೆಯವನು ಬಿ.ಇ. ಸೇರಿದನೆಂಬ ಒಂದೇ ಕಾರಣಕ್ಕೆ ಪದವಿಗೆ ನೂಕುವುದು ಉಚಿತವಲ್ಲ. ಆದರೆ ಇದೇ ತತ್ತ್ವವನ್ನು ತಿರುಚಿ, "ಇವನ ಯೋಗ್ಯತೆ ಇಷ್ಟೇ" ಎಂದು ತೀರ್ಪು ಕೊಡುವುದು ಇನ್ನೂ ದೊಡ್ಡ ಅಪಚಾರ. ಜೀವನ ಯೋಗ್ಯತೆಯನ್ನು ಪೂರ್ಣವಾಗಿ ಬಲ್ಲವನು ಭಗವಂತನೊಬ್ಬನೇ. ನಮಗೆ ಅದು ಸಾಧನೆಯಲ್ಲಿ ವ್ಯಕ್ತವಾದಷ್ಟು ಮಾತ್ರ ಗೋಚರ. ಪ್ರಯತ್ನಕ್ಕೆ ಅವಕಾಶವನ್ನೇ ಕೊಡದೆ ಅಳೆಯಲು ಹೊರಟರೆ ತಿಳಿಯುವುದು ನಮ್ಮ ಅಳತೆಗೋಲಿನ ಉದ್ದವೇ ಹೊರತು ಮಗುವಿನ ಎತ್ತರವಲ್ಲ.

ಮೂರನೆಯದು ಸಮತೆಯ ಪರೀಕ್ಷೆ. ಒಬ್ಬನ ಓದಿನ ಬೆಲೆಯನ್ನು ಯಾರು ತೆರುತ್ತಾರೆ? ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ಓದು ಮುಗಿಯುವವರೆಗೆ ಕಂತು ಕಟ್ಟಬೇಕಾಗಿಲ್ಲ. ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಅಣ್ಣನ ಪದವಿಗೆ ಸಾಲ ತೆಗೆದ ಮನೆ, ಅವನಿಗಿಂತ ಹೆಚ್ಚು ಅಂಕ ಪಡೆದ ತಂಗಿಗೆ "ಇಷ್ಟು ಓದಿದ್ದು ಸಾಕು, ಹೇಗೂ ಮದುವೆಯಾಗುವವಳು" ಎಂದರೆ ಅದು ಅನ್ಯಾಯ. ಹಿರಿಯ ಮಗಳು ದುಡಿದು ತಮ್ಮನನ್ನು ಓದಿಸಿದ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಆ ತ್ಯಾಗವನ್ನು ಹೊಗಳುವ ಮೊದಲು, ಅದು ಅವಳೇ ಮಾಡಿದ ತ್ಯಾಗವೋ, ಕೇಳದೆಯೇ ಅವಳಿಂದ ಪಡೆದದ್ದೋ ಎಂದು ವಿಚಾರಿಸಬೇಕು.

ಈ ಪರೀಕ್ಷೆಗಳ ನಂತರವೂ ಕೆಲಸವೇ ಮೊದಲು ಎಂದು ತೀರ್ಮಾನವಾದರೆ ದಾರಿ ಮುಚ್ಚಿತೆಂದು ತಿಳಿಯಬೇಕಾಗಿಲ್ಲ. ಇಪ್ಪತ್ತನೆಯ ಶತಮಾನದ ಮುಂಬಯಿಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ಹುಡುಗರ ಪರಂಪರೆಯೇ ಇದೆ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಸರ್ ಎಂ. ವಿಶ್ವೇಶ್ವರಯ್ಯನವರು ಮನೆಪಾಠ ಹೇಳಿ ಸಂಪಾದಿಸುತ್ತ ಬೆಂಗಳೂರಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿದರು. ಅನಂತರ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಓದಿ 1883ರಲ್ಲಿ ಇಂಜಿನಿಯರಾದರು. ಕುಶಲ ಕೆಲಸಗಾರರ ಅಗತ್ಯವನ್ನು ಮನಗಂಡ ಅವರ ಪ್ರೇರಣೆಯಿಂದಲೇ 1943ರಲ್ಲಿ ಬೆಂಗಳೂರಿನಲ್ಲಿ, ಇಂದು ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎನಿಸಿರುವ ಸಂಸ್ಥೆ ಆರಂಭವಾಯಿತು. ಉನ್ನತ ವಿದ್ಯೆಯನ್ನು ಅರಸಿ ಊರು ಬಿಟ್ಟವರೇ ಕೈಕಸುಬಿನ ವಿದ್ಯೆಯನ್ನು ಗೌರವಿಸಿದರು ಎಂಬುದು ಗಮನಾರ್ಹ. ಇತ್ತೀಚೆಗೆ, 2023ರಿಂದ, ಉದ್ಯೋಗಸ್ಥರಿಗಾಗಿ ಅವರಿಗೆ ಅನುಕೂಲವಾದ ವೇಳೆಯಲ್ಲಿ ಪದವಿ ತರಗತಿ ನಡೆಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕಾಲೇಜುಗಳಿಗೆ ಅವಕಾಶ ಕಲ್ಪಿಸಿದೆ.

ಆದರೆ ಮಾರ್ಗವಿದ್ದರೆ ಸಾಲದು, ಸಂಕಲ್ಪವೂ ಬೇಕು. ಯಾವುದೇ ಕರ್ಮವನ್ನು ಆರಂಭಿಸುವಾಗ ನಾವು ದೇಶಕಾಲಗಳನ್ನು ಉಚ್ಚರಿಸಿ ಸಂಕಲ್ಪ ಮಾಡುತ್ತೇವೆ. ಇಲ್ಲಿಯೂ ಹಾಗೆಯೇ ಆಗಲಿ. ಕೆಲಸಕ್ಕೆ ಸೇರುವವನ ವಿಷಯದಲ್ಲಿ ಎಷ್ಟು ವರ್ಷ ದುಡಿಮೆ, ಸಂಬಳದಲ್ಲಿ ಎಷ್ಟು ಪಾಲು ಅವನ ಓದಿಗೆ ಮೀಸಲು, ಯಾವ ವರ್ಷ ಪ್ರವೇಶಕ್ಕೆ ಅರ್ಜಿ ಎಂಬುದನ್ನು ಮನೆಯವರೆಲ್ಲ ಕೂಡಿ ನಿಶ್ಚಯಿಸಿ ಬರೆದಿಡಬೇಕು. ಓದಲು ಹೊರಡುವವನಿಗೂ ಮನೆಯ ಆದಾಯವೆಷ್ಟು, ಸಾಲವೆಷ್ಟು ಎಂಬುದು ತಿಳಿದಿರಲಿ. ಬಿಡುವಿನಲ್ಲಿ ಪಾಠ ಹೇಳಿಯಾದರೂ ತನ್ನ ಸ್ವಂತ ಖರ್ಚನ್ನು ತಗ್ಗಿಸಿಕೊಳ್ಳಲಿ.

ನಿರ್ಣಯಿಸುವಾಗ ಹಿರಿಯರು ಮನೆಯ ಸ್ಥಿತಿಯನ್ನು ಮರೆಮಾಚದೆ ಹೇಳಬೇಕು. ಕಿರಿಯರು ತಮ್ಮ ಮನಸ್ಸನ್ನು ಅಂಜದೆ ಹೇಳಬೇಕು. ನಿರ್ಣಯವಾದ ಮೇಲೆ "ನಿನಗಾಗಿ ಇಷ್ಟು ಸುರಿದೆವು" ಎಂದು ತಂದೆಯಾಗಲಿ, "ನಿಮಗಾಗಿ ಓದು ಬಿಟ್ಟೆ" ಎಂದು ಮಗನಾಗಲಿ ಲೆಕ್ಕ ತೆಗೆಯಬಾರದು. ಫಲ ಸರ್ವಸ್ವತಂತ್ರನಾದ ಶ್ರೀಹರಿಯ ಅಧೀನ. ನಾವು ಮಾಡಬಹುದಾದದ್ದು, ಮಾಡಲೇಬೇಕಾದದ್ದು, ಮನೆಯಲ್ಲಿ ಯಾರಿಗೂ ಅನ್ಯಾಯವಾಗದಂತೆ ವಿಚಾರಿಸಿ ನಡೆಯುವುದು.