ಮುಯ್ಯಿ ತೀರಿಸಬೇಕಾದ ವಿದ್ಯೆ

ಹಳೆ ಮೈಸೂರಿನ ಭತ್ತದ ಸೀಮೆಯಲ್ಲಿ ನಾಟಿಯ ಕಾಲಕ್ಕೆ ‘ಮುಯ್ಯಾಳು’ ಎಂಬ ಏರ್ಪಾಡು ಇತ್ತು. ಇಂದು ನಮ್ಮ ಗದ್ದೆಗೆ ನೀವು ಬನ್ನಿ, ನಾಳೆ ನಿಮ್ಮ ಗದ್ದೆಗೆ ನಾವು ಬರುತ್ತೇವೆ ಎನ್ನುವುದು ಅದರ ಕರಾರು. ಕೂಲಿಯೂ ಇಲ್ಲ, ಬರೆದಿಟ್ಟ ಪುಸ್ತಕವೂ ಇಲ್ಲ. ಆದರೂ ಲೆಕ್ಕ ತಪ್ಪುತ್ತಿರಲಿಲ್ಲ. ಹತ್ತು ಮನೆಯವರನ್ನು ಕರೆದು ತನ್ನ ನಾಟಿ ಮುಗಿಸಿಕೊಂಡು, ಅವರ ಸರದಿ ಬಂದಾಗ ಕಾಣೆಯಾದವನನ್ನು ಊರು ಮರೆಯುತ್ತಿರಲಿಲ್ಲ. ವಿದ್ಯೆಯ ಗದ್ದೆಯಲ್ಲಿ ಇಂದು ನಡೆಯುತ್ತಿರುವ ಒಂದು ಹೊಸ ಬಗೆಯ ಸಹಕಾರವನ್ನು ನೋಡುವಾಗ ನಮಗೆ ಈ ಮುಯ್ಯಾಳು ನೆನಪಾಗುತ್ತದೆ.

ಅದರ ಹೆಸರು ಹ್ಯಾಕಥಾನ್. ಕಂಪ್ಯೂಟರಿಗೆ ಕನ್ನ ಹಾಕುವುದಕ್ಕೂ ಇದಕ್ಕೂ ಸಂಬಂಧವಿಲ್ಲ. 1999ರ ಜೂನ್‌ನಲ್ಲಿ ಕೆನಡಾದ ಕ್ಯಾಲ್ಗರಿ ನಗರದಲ್ಲಿ ಓಪನ್ ಬಿಎಸ್‌ಡಿ ಎಂಬ ತಂತ್ರಾಂಶ ತಯಾರಿಸುತ್ತಿದ್ದ ಹತ್ತು ಮಂದಿ ಒಂದೆಡೆ ಕುಳಿತು ಕೆಲಸ ಮಾಡಿದ ಕೂಟಕ್ಕೆ ಈ ಹೆಸರಿಟ್ಟುಕೊಂಡರು. ನಮ್ಮ ದೇಶದಲ್ಲಿ 2017ರಿಂದ ಕೇಂದ್ರ ಸರಕಾರವೇ ಕಾಲೇಜು ವಿದ್ಯಾರ್ಥಿಗಳಿಗಾಗಿ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ನಡೆಸುತ್ತಿದೆ. ಅದರ ಜೊತೆಗೆ ಬಹುಮಾನದ ಗದ್ದಲವಿಲ್ಲದ ಇನ್ನೊಂದು ಬಗೆಯ ಕೂಟವೂ ಬೆಳೆದಿದೆ. ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರ, ಜೀವಶಾಸ್ತ್ರಗಳ ಸಂಶೋಧಕರು ತಮ್ಮ ಪ್ರಶ್ನೆಗಳನ್ನು ತರುತ್ತಾರೆ, ಪ್ರೋಗ್ರಾಮ್ ಬರೆಯಬಲ್ಲವರು ತಮ್ಮ ಕೈಚಳಕ ತರುತ್ತಾರೆ. ಎರಡು ಮೂರು ದಿನ ಒಂದೇ ಮೇಜಿನ ಸುತ್ತ ಕುಳಿತು ಒಬ್ಬರಿಂದೊಬ್ಬರು ಕಲಿಯುತ್ತಾರೆ. ತಿರುಮಕೂಡಲಿನಲ್ಲಿ ಕಾವೇರಿ, ಕಪಿಲೆ ಕೂಡುವ ಹಾಗೆ ಎರಡು ವಿದ್ಯೆಗಳು ಕೂಡಬೇಕೆಂಬುದು ಇದರ ಆಶಯ.

ಇಂತಹ ಕೂಡುವಿಕೆಯಿಂದ ಕನ್ನಡಕ್ಕೆ ಆಗಿರುವ ಲಾಭ ಸಣ್ಣದಲ್ಲ. ಓಂಶಿವಪ್ರಕಾಶರಂತಹ ತಂತ್ರಜ್ಞರು ಮತ್ತು ಓ. ಎಲ್. ನಾಗಭೂಷಣ ಸ್ವಾಮಿಯವರಂತಹ ಸಾಹಿತ್ಯ ವಿದ್ವಾಂಸರು ಜೊತೆಗೂಡಿದ್ದರಿಂದ ‘ವಚನ ಸಂಚಯ’ ಹುಟ್ಟಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ, ಯಾರ್ಯಾರ ಬಾಯಲ್ಲಿ ಬಂದಿದೆಯೆಂದು ಇಂದು ಯಾರು ಬೇಕಾದರೂ ಕ್ಷಣದಲ್ಲಿ ನೋಡಬಹುದು. ಹಿಂದೆ ಇದಕ್ಕೆ ಒಬ್ಬ ವಿದ್ವಾಂಸನ ಅರ್ಧ ಆಯುಷ್ಯ ಸವೆಯುತ್ತಿತ್ತು. ಆದ್ದರಿಂದ ಈ ವಿದ್ಯೆ ಬೇಕೇ ಬೇಡವೇ ಎಂಬುದು ನಮ್ಮ ಪ್ರಶ್ನೆಯಲ್ಲ. ಎರವಲು ತಂದ ವಿದ್ಯೆಯಿಂದ ನಾವು ಆಡುವ ಮಾತಿಗೆ ಹೊಣೆ ಯಾರು ಎಂಬುದು ನಮ್ಮ ಪ್ರಶ್ನೆ.

ಒಂದು ಉದಾಹರಣೆ ನೋಡೋಣ. ಮೈಸೂರಿನಿಂದ ನಂಜನಗೂಡಿನತ್ತ ಹೋಗುವವರಿಗೆ ತಾಂಡ್ಯ ಎಂದರೆ ಕಾರ್ಖಾನೆಗಳ ಜಾಗ. ಆದರೆ ಈ ಸೀಮೆಗೆ ಇನ್ನೊಂದು ಗುರುತಿದೆ. ಇದು ಶಾಸನಗಳ ಸೀಮೆ. ಗಂಗರ ರಾಜಧಾನಿಯಾಗಿದ್ದ ತಲಕಾಡು ತಿ. ನರಸೀಪುರ ತಾಲೂಕಿನಲ್ಲೇ ಇದೆ. ಬಿ. ಎಲ್. ರೈಸ್ 1894ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ನಂಜನಗೂಡು, ನರಸೀಪುರ ಎರಡೂ ತಾಲೂಕುಗಳ ಶಾಸನಗಳಿವೆ. ಇವುಗಳ ಪಾಠವನ್ನು ಕಂಪ್ಯೂಟರಿಗೆ ಊಡಿಸಿ, ಯಾವ ಕಾಲದಲ್ಲಿ ಯಾವ ಪದ ಬಳಕೆಯಲ್ಲಿತ್ತು, ದತ್ತಿ ಕೊಟ್ಟವರು ಯಾರು ಎಂದು ಎಣಿಸಬೇಕೆಂದು ಈ ಕಡೆಯ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಬಯಸಿದಳೆಂದು ಇಟ್ಟುಕೊಳ್ಳಿ. ಅವಳಿಗೆ ಹಳಗನ್ನಡ ಗೊತ್ತು, ಪ್ರೋಗ್ರಾಮ್ ಗೊತ್ತಿಲ್ಲ. ಕೂಟದಲ್ಲಿ ಅವಳ ಪಕ್ಕ ಕುಳಿತ ತರುಣನಿಗೆ ಪ್ರೋಗ್ರಾಮ್ ಗೊತ್ತು, ಹಳಗನ್ನಡ ಗೊತ್ತಿಲ್ಲ.

ತರುಣ ಮೊದಲು ಪಾಠವನ್ನು ‘ಶುಚಿ’ ಮಾಡುತ್ತಾನೆ. ಅಕ್ಷರಗಳ ನಡುವಿನ ಚುಕ್ಕಿ, ಆವರಣ ಚಿಹ್ನೆಗಳೆಲ್ಲ ಎಣಿಕೆಗೆ ಅಡ್ಡಿಯೆಂದು ಒಂದೇ ಸಾಲಿನ ಆಜ್ಞೆಯಿಂದ ಅಳಿಸಿಹಾಕುತ್ತಾನೆ. ಆದರೆ ಕಲ್ಲು ಸವೆದು ಓದಲಾಗದ ಕಡೆ ಚುಕ್ಕಿ ಇಡುವುದು, ಓದು ಅನುಮಾನವಾದ ಕಡೆ ಆವರಣ ಹಾಕುವುದು ಶಾಸನ ಸಂಪಾದಕರ ರೂಢಿ. ‘ಇದು ಹೀಗಿರಬಹುದು, ನನಗೆ ಖಚಿತವಿಲ್ಲ’ ಎಂದು ಸಂಪಾದಕ ಪ್ರಾಮಾಣಿಕವಾಗಿ ಹೇಳಿದ ಮಾತು ಅದು. ಆವರಣ ಹೋದೊಡನೆ ಅನುಮಾನವೂ ಹೋಯಿತು, ಊಹೆ ಸತ್ಯವಾಯಿತು. ಅನಂತರ ಆತ ಇಂದು ಬಳಕೆಯಲ್ಲಿಲ್ಲದ ‘ೞ’ ಅಕ್ಷರವನ್ನು ‘ಳ’ ಎಂದು ಬದಲಿಸುತ್ತಾನೆ. ‘ಅೞಿ’ ಎಂಬುದು ‘ಅಳಿ’ಯಾಯಿತು. ಆ ಅಕ್ಷರ ಎಲ್ಲಿ ಉಳಿದಿದೆ, ಎಲ್ಲಿ ಬಿದ್ದುಹೋಗಿದೆ ಎಂಬುದರಿಂದಲೇ ವಿದ್ವಾಂಸರು ಶಾಸನದ ಕಾಲವನ್ನು ಅಂದಾಜು ಮಾಡುತ್ತಾರೆಂದು ಅವನಿಗೆ ಯಾರೂ ಹೇಳಿಲ್ಲ. ಇನ್ನೊಂದು ತೊಡಕು ಬೆರಳಚ್ಚು ಮಾಡಿದವರದು. ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿದರೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಯಂತ್ರಕ್ಕೆ ಮಾತ್ರ ‘ಗಂಗ’ ಎಂಬ ಒಂದು ಪದ ಎರಡಾಗುತ್ತದೆ.

ಮೂರನೆಯ ದಿನ ಸಂಜೆ ಬಣ್ಣದ ನಕ್ಷೆಯೊಂದು ಪರದೆಯ ಮೇಲೆ ಮೂಡುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆ ನಕ್ಷೆ ಪ್ರಬಂಧಕ್ಕೆ ಸೇರುತ್ತದೆ, ಪ್ರಬಂಧದಿಂದ ಪುಸ್ತಕಕ್ಕೆ, ಪುಸ್ತಕದಿಂದ ಪಾಠಕ್ಕೆ ಇಳಿಯುತ್ತದೆ. ಇಲ್ಲಿ ಸುಳ್ಳು ಹೇಳಿದವರು ಯಾರು? ತರುಣ ಸುಳ್ಳು ಹೇಳಿಲ್ಲ, ಅವನ ಲೆಕ್ಕ ಸರಿಯಾಗಿಯೇ ಇದೆ. ವಿದ್ಯಾರ್ಥಿನಿಯೂ ಸುಳ್ಳು ಹೇಳಿಲ್ಲ, ಯಂತ್ರ ಕೊಟ್ಟಿದ್ದನ್ನು ಅವಳು ಬರೆದಳು. ಇಬ್ಬರೂ ಸಜ್ಜನರು. ಆದರೂ ಅವರಿಬ್ಬರ ನಡುವೆ ಒಂದು ಸುಳ್ಳು ಹುಟ್ಟಿ, ಕೈಕಾಲು ಪಡೆದು, ನಡೆದುಹೋಯಿತು. ನಮ್ಮ ಕಾಲದ ಅನೇಕ ಅಸತ್ಯಗಳು ಹೀಗೆ ಹುಟ್ಟುತ್ತವೆ. ದುರುದ್ದೇಶ ಇಲ್ಲದಿದ್ದರೆ ತಪ್ಪೇ ಇಲ್ಲ ಎಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳೂ ಇದೆ. ಬಸ್ಸು ಹತ್ತುವವರೆಲ್ಲ ಇಂಜಿನ್ ಬಿಚ್ಚಲು ಕಲಿಯಬೇಕೇ? ಕನ್ನಡಕ ಹಾಕುವವರೆಲ್ಲ ಗಾಜು ಉಜ್ಜಲು ಕಲಿಯಬೇಕೇ? ಒಬ್ಬರ ವಿದ್ಯೆಯನ್ನು ಇನ್ನೊಬ್ಬರು ನಂಬದೆ ಲೋಕ ನಡೆಯುವುದಿಲ್ಲ ಎಂಬುದು ನಿಜ. ಆದರೆ ಸಂಶೋಧಕ ಬಸ್ಸಿನ ಪ್ರಯಾಣಿಕನಲ್ಲ, ಚಾಲಕ. ಅವನನ್ನು ನಂಬಿ ಹತ್ತಿದವರು ಹಿಂದೆ ಕುಳಿತಿದ್ದಾರೆ. ಚಾಲಕನಿಗೆ ಇಂಜಿನ್ ತಯಾರಿಸಲು ಬರಬೇಕಿಲ್ಲ, ಬ್ರೇಕ್ ಎಲ್ಲಿದೆಯೆಂದು ಗೊತ್ತಿರಲೇಬೇಕು. ತನ್ನ ಹೆಸರು ಹಾಕಿ ಒಂದು ಮಾತು ಹೇಳುವವನಿಗೆ ಆ ಮಾತು ಎಲ್ಲಿ ಮುರಿಯಬಹುದು ಎಂಬಷ್ಟಾದರೂ ತಿಳಿದಿರಬೇಕು. ಕೇಳಿದೊಡನೆ ಯಂತ್ರವೇ ಪ್ರೋಗ್ರಾಮ್ ಬರೆದುಕೊಡುವ ಈ ದಿನಗಳಲ್ಲಿ ಪಕ್ಕದಲ್ಲಿ ಕೂರುವ ತರುಣನೂ ಬೇಕಿಲ್ಲ ಎನ್ನಿಸಬಹುದು. ಹಾಗಾದರೆ ‘ಈ ಆವರಣ ಯಾಕೆ ಇದೆ ಅಕ್ಕಾ?’ ಎಂದು ಕೇಳಬಹುದಾಗಿದ್ದ ಒಬ್ಬನೂ ಇಲ್ಲವಾಗುತ್ತಾನೆ.

ಹಾಗಾದರೆ ದಾರಿ ಯಾವುದು? ಮುಯ್ಯಾಳಿನಲ್ಲೇ ಅದು ಇದೆ. ಮುಯ್ಯಿಗೆ ಹೋದವನು ಮೇಟಿಯಾಗಿ ಹೋಗುವುದಿಲ್ಲ, ಕೂಲಿಯಾಗಿಯೂ ಹೋಗುವುದಿಲ್ಲ. ಸರಿಸಮನಾಗಿ ಕೆಸರಿಗಿಳಿಯುತ್ತಾನೆ. ತರುಣ ಆವರಣದ ಅರ್ಥ ಕಲಿಯುವವರೆಗೆ, ವಿದ್ಯಾರ್ಥಿನಿ ಆ ಒಂದು ಸಾಲಿನ ಆಜ್ಞೆ ಏನು ಮಾಡುತ್ತದೆಂದು ತನ್ನ ಮಾತಿನಲ್ಲಿ ಹೇಳಬಲ್ಲವಳಾಗುವವರೆಗೆ ಕೂಟ ಮುಗಿದಂತಲ್ಲ. ನಕ್ಷೆ ಬಂತೇ ಎಂಬುದಕ್ಕಿಂತ, ಇಬ್ಬರೂ ಬೇರೆಯಾದ ಮೇಲೆ ಒಬ್ಬೊಬ್ಬರೇ ಆ ಕೆಲಸವನ್ನು ಪರೀಕ್ಷಿಸಬಲ್ಲರೇ ಎಂಬುದು ಕೂಟದ ನಿಜವಾದ ಫಲ. ಕೆಲಸ ನಿಧಾನವಾಗುತ್ತದೆ, ಆಗಲಿ. ಕಲ್ಲು ನೂರಾರು ವರ್ಷ ಕಾದಿದೆ, ಇನ್ನೊಂದು ವಾರ ಕಾಯುತ್ತದೆ.

ಇಲ್ಲಿ ನ್ಯಾಯದ ಪ್ರಶ್ನೆಯೂ ಒಂದಿದೆ. ಹಗಲು ರಾತ್ರಿಯೆನ್ನದೆ ನಡೆಯುವ ಕೂಟದಲ್ಲಿ ಉಳಿಯಬಲ್ಲವರು ಯಾರು? ಸಂಜೆಯ ಕೊನೆಯ ಬಸ್ಸು ಹಿಡಿದು ನರಸೀಪುರದ ಆಚೆಗಿನ ಹಳ್ಳಿಗೆ ಹೋಗಬೇಕಾದ ಹುಡುಗಿ ಉಳಿಯಲಾರಳು. ಸ್ವಂತ ಲ್ಯಾಪ್‌ಟಾಪ್ ಇಲ್ಲದವನು, ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಹಿಂಜರಿಯುವವನು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುತ್ತಾನೆ. ಆದರೆ ಆ ಶಾಸನ ನಿಂತಿರುವ ಹೊಲ, ಆ ಪದ ಇಂದಿಗೂ ಬದುಕಿರುವ ಮನೆ ಗೊತ್ತಿರುವುದು ಅವರಿಗೇ. ಎಲ್ಲರಿಗೂ ಬಾಗಿಲು ತೆರೆದಿದೆ ಎಂದು ಹೇಳಿ, ಕೆಲವರು ಮಾತ್ರ ತಲುಪಬಲ್ಲ ಹೊತ್ತಿನಲ್ಲಿ ತೆರೆಯುವುದು ಔದಾರ್ಯವಲ್ಲ. ಹಗಲಿನಲ್ಲಿ ನಡೆಸಿ, ಕನ್ನಡದಲ್ಲಿ ನಡೆಸಿ, ಯಂತ್ರಗಳನ್ನು ಒದಗಿಸಿ ಎಂದು ಕೇಳುವುದು ರಿಯಾಯಿತಿಯ ಬೇಡಿಕೆಯಲ್ಲ. ಅವರಿಲ್ಲದೆ ವಿದ್ಯೆಯೇ ಅರ್ಧ.

ಕೊನೆಗೆ ಹೆಸರಿನ ಮಾತು. ಯಂತ್ರಕ್ಕೆ ಹೇಳಿಕೊಡುವ ಕ್ರಮವನ್ನು ಜಗತ್ತು ಇಂದು ಅಲ್ಗೊರಿದಂ ಎನ್ನುತ್ತದೆ. ಒಂಬತ್ತನೆಯ ಶತಮಾನದ ಬಗ್ದಾದಿನ ವಿದ್ವಾಂಸ ಅಲ್ ಖ್ವಾರಿಝ್ಮಿಯ ಹೆಸರು ಲ್ಯಾಟಿನ್ ಬಾಯಲ್ಲಿ ಹಾಗಾಯಿತು. ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ಬಗೆಯನ್ನು ವಿವರಿಸಿ ಆತ ಒಂದು ಗ್ರಂಥವನ್ನೇ ಬರೆದ, ಅದು ಭಾರತೀಯರ ಲೆಕ್ಕವೆಂದು ಹೇಳಿಯೇ ಬರೆದ. ಪಡೆದದ್ದನ್ನು ಪಡೆದೆನೆಂದು ಹೇಳುವುದರಿಂದ ಅವನ ಕೀರ್ತಿ ಕುಂದಲಿಲ್ಲ. ನಮ್ಮ ಶಾಸನಗಳಲ್ಲೂ ಎಷ್ಟೋ ಕಡೆ ದಾನ ಕೊಟ್ಟ ಅರಸನ ಹೆಸರಿನೊಂದಿಗೆ ಪಾಠ ಬರೆದವನ, ಕಲ್ಲು ಕಂಡರಿಸಿದವನ ಹೆಸರೂ ಕೊನೆಯಲ್ಲಿ ಇರುತ್ತದೆ. ಅದು ಗೌರವವೂ ಹೌದು, ಹೊಣೆಯೂ ಹೌದು. ತಪ್ಪಿದ್ದರೆ ಯಾರನ್ನು ಕೇಳಬೇಕೆಂದು ಕಲ್ಲೇ ಹೇಳುತ್ತದೆ.

ಇಂದಿನ ಪ್ರಬಂಧಗಳೂ ಅಷ್ಟು ಮಾಡಲಿ. ಕಲ್ಲನ್ನು ತೋರಿಸಿದ ಊರಿನವರು, ಬೆರಳಚ್ಚು ಮಾಡಿದವರು, ಪ್ರೋಗ್ರಾಮ್ ಬರೆದವರು, ಏನನ್ನು ಅಳಿಸಿದೆವು ಎಂಬ ವಿವರ, ಎಲ್ಲವೂ ಅಲ್ಲಿರಲಿ. ಮುಯ್ಯಿ ತೀರಿಸುವ ಮೊದಲ ಹೆಜ್ಜೆ ಯಾರ ಯಾರ ಮುಯ್ಯಿ ನಮ್ಮ ಮೇಲಿದೆಯೆಂದು ಬರೆದಿಟ್ಟುಕೊಳ್ಳುವುದೇ ಆಗಿದೆ. ಎರಡನೆಯ ಹೆಜ್ಜೆ ಇನ್ನೂ ಸರಳ. ನಮಗೆ ಕಲಿಸಿದವರ ಗದ್ದೆಯಲ್ಲಿ ನಾಟಿ ಶುರುವಾದಾಗ ನಾವು ಹೋಗಬೇಕು.