ಚಿತ್ರತುರಗ

ಭವಭೂತಿಯ ಉತ್ತರರಾಮಚರಿತದ ಪ್ರಥಮಾಂಕದಲ್ಲಿ ಲಕ್ಷ್ಮಣನು ಸೀತಾರಾಮರಿಗೆ ಅವರದೇ ಪೂರ್ವವೃತ್ತಾಂತದ ಚಿತ್ರಗಳನ್ನು ತೋರಿಸುತ್ತಾನೆ. ಶೂರ್ಪಣಖಿಯನ್ನು ಕಂಡೊಡನೆ ಸೀತೆಯು ಬೆದರುತ್ತಾಳೆ. ಇದು ಚಿತ್ರವಷ್ಟೆ ಎಂದು ರಾಮನು ಸಂತೈಸುತ್ತಾನೆ. ಆದರೆ ಮುಂದಿನ ಚಿತ್ರಗಳನ್ನು ನೋಡುವಷ್ಟರಲ್ಲಿ ಆ ರಾಮನ ಕಣ್ಣುಗಳೇ ತುಂಬಿಬರುತ್ತವೆ. ಚಿತ್ರವೆಂದು ಬಲ್ಲವನನ್ನೂ ಚಿತ್ರವು ಬಿಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ಈ ಬಲದ ಮೂಲವೇನು? ಮಾತು ಒಂದು ವಿಷಯವನ್ನು 'ಹೀಗಿದೆ' ಎಂದು ಸಾಧಿಸಹೊರಡುತ್ತದೆ. ಆದುದರಿಂದ ಕೇಳುವವನು 'ಹೌದೇ?' ಎಂದು ಪ್ರಶ್ನಿಸಬಲ್ಲನು. ಚಿತ್ರವಾದರೋ ಏನನ್ನೂ ಸಾಧಿಸುವುದಿಲ್ಲ, ಸುಮ್ಮನೆ ಎದುರಿಗೆ ನಿಲ್ಲುತ್ತದೆ. ವಾದಿಯೇ ಇಲ್ಲದ ಸಭೆಯಲ್ಲಿ ಪ್ರತಿವಾದಿಯು ಯಾರಿಗೆ ಉತ್ತರ ಹೇಳಬೇಕು? ಕಾಶ್ಮೀರದ ಶಂಕುಕನು ರಸವಿಚಾರದಲ್ಲಿ ಚಿತ್ರತುರಗವನ್ನು ದೃಷ್ಟಾಂತವಾಗಿ ಕೊಟ್ಟನು. ಬರೆದ ಕುದುರೆಯನ್ನು ಕಂಡು 'ಕುದುರೆ' ಎನ್ನುತ್ತೇವೆ. ಆ ಜ್ಞಾನವು ಯಥಾರ್ಥವಲ್ಲ, ಮಿಥ್ಯೆಯಲ್ಲ, ಸಂಶಯವಲ್ಲ, ಸಾದೃಶ್ಯವೂ ಅಲ್ಲ. ಈ ನಾಲ್ಕರಿಂದಲೂ ವಿಲಕ್ಷಣವಾದುದು. ರಂಗದ ಮುಂದೆ ಕುಳಿತ ಸಹೃದಯನಿಗೆ ಈ ವಿಲಕ್ಷಣತೆಯೇ ಆನಂದಕ್ಕೆ ಕಾರಣ. ಅದು ಬೀದಿಗೆ ಬಂದರೆ ಗತಿಯೇನು?

ಕರಾಚಿಯ ಒಂದು ಸಂಸ್ಥೆಯು ಮಕ್ಕಳ ರಕ್ಷಣೆಗಾಗಿ ಕಿರುಚಿತ್ರವೊಂದನ್ನು ಮಾಡಿಸಿತ್ತು. ಮೋಟಾರು ಸೈಕಲ್ಲಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವರು. ಒಡನೆಯೇ ಹಿಂದಿರುಗಿ, ಮಗುವನ್ನು ಬಿಟ್ಟು, ಎಚ್ಚರಿಕೆಯ ಫಲಕವೊಂದನ್ನು ತೋರಿಸುವರು. ಯಾರೋ ಆ ಕೊನೆಯನ್ನು ಕತ್ತರಿಸಿದರು. ಉಳಿದ ಭಾಗವು ಭಾರತದಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದು, ಇಲ್ಲಿಯೇ ನಡೆದ ಅಪಹರಣವೆನಿಸಿಕೊಂಡಿತು. ಇಂತಹ ಚಿತ್ರಗಳೂ ವದಂತಿಗಳೂ ಹಬ್ಬಿದ್ದ 2018ರ ಮೇ ತಿಂಗಳಲ್ಲಿ, ಕೆಲಸವನ್ನರಸಿ ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಜನರು ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಜುಲೈಯಲ್ಲಿ ಬೀದರ ಜಿಲ್ಲೆಯಲ್ಲಿ ಹೈದರಾಬಾದಿನ ತರುಣನೊಬ್ಬನಿಗೂ ಅದೇ ಗತಿಯಾಯಿತು. ಅವನ ಜೊತೆಯವರು ಮಕ್ಕಳಿಗೆ ಚಾಕೊಲೇಟು ಕೊಟ್ಟುದೇ ಶಂಕೆಗೆ ಸಾಕಾಗಿತ್ತು.

ಇಲ್ಲಿ ಸೂಕ್ಷ್ಮವಾಗಿ ನೋಡಬೇಕಾದುದೊಂದುಂಟು. ಆ ಚಿತ್ರದಲ್ಲಿ ಯಾರೂ ಸುಳ್ಳನ್ನು ಸೇರಿಸಲಿಲ್ಲ. ಒಂದು ಸತ್ಯವನ್ನು ತೆಗೆದರು. ಆ ಫಲಕವೇ 'ಇದು ಚಿತ್ರ' ಎನ್ನುವ ರಾಮನ ಮಾತಾಗಿದ್ದಿತು. ಅದು ಹೋದೊಡನೆ ಎಚ್ಚರಿಕೆಯೇ ಕೊಲೆಗೆ ಪ್ರೇರಣೆಯಾಯಿತು.

ಜನರ ಮನಸ್ಸಿನಲ್ಲಿ ಭಯವು ಮೊದಲೇ ಇದ್ದಿತು, ಚಿತ್ರದ ಅಪರಾಧವೇನೆಂದು ಕೆಲವರು ಕೇಳಬಹುದು. ನಿಜ, ಮುಸ್ಸಂಜೆಯಿಲ್ಲದೆ ಹಗ್ಗವು ಹಾವಾಗದು. ಆದರೆ ಹಗ್ಗವನ್ನು ಹಾವೆಂದವನು ತಾನೇ ಬೆದರಿ ಓಡುತ್ತಾನೆ, ದೀಪ ತಂದರೆ ಭ್ರಮೆ ಕಳೆಯುತ್ತದೆ. ಮನುಷ್ಯನನ್ನು ಕಳ್ಳನೆಂದು ಬಗೆದು ಕೊಂದಮೇಲೆ ದೀಪ ತಂದು ಫಲವೇನು? ಅದೇ 2018ರಲ್ಲಿ ವಾಟ್ಸ್‌ಆ್ಯಪ್‌ನವರು, ಬೇರೆಡೆಯಿಂದ ಬಂದ ಸಂದೇಶಕ್ಕೆ ಗುರುತು ಹಾಕಿದರು; ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ಕಳುಹಿಸದಂತೆ ಭಾರತದಲ್ಲಿ ಮಿತಿಯನ್ನೂ ತಂದರು. ಇದು ವೇಗವನ್ನು ತಗ್ಗಿಸೀತು, ವಿವೇಕವನ್ನು ಕೊಡಲಾರದು.

ಇಂದು ಕುದುರೆಯೇ ಇಲ್ಲದೆ ಕುದುರೆಯ ಛಾಯಾಚಿತ್ರವನ್ನು ಯಂತ್ರವೇ ರಚಿಸಬಲ್ಲುದು. ಹೀಗಿರಲಾಗಿ ಕಣ್ಣನ್ನು ನಂಬಬೇಡವೆಂದರೆ ಸಾಲದು. ಏನನ್ನೂ ನಂಬದವನು ನಿಜವಾದ ಅನ್ಯಾಯದ ಚಿತ್ರವನ್ನೂ ತಳ್ಳಿಹಾಕುವನು. ನೋಡುವವನು 'ಇದರ ಮೊದಲೇನು, ಕೊನೆಯೇನು, ತೋರಿಸಿದವರಾರು?' ಎಂದು ಕೇಳಲಿ. ಉತ್ತರ ದೊರೆಯುವ ತನಕ ಕೈಯನ್ನು ತಡೆದಿರಲಿ. ಚಿತ್ರವನ್ನು ಕಂಡು ಕಣ್ಣು ತುಂಬುವುದು ದೋಷವಲ್ಲ, ರಾಮನಿಗೂ ತುಂಬಿತು. ಆದರೆ ಅವನು ಚಿತ್ರವನ್ನು ನೋಡಿ ಬಿಲ್ಲನ್ನೆತ್ತಲಿಲ್ಲ.